ಸ್ಟೇಷನ್ ರೈಟರ್ ಬರೆಯದೆ ಬಿಟ್ಟದ್ದು

ಬೆಳಿಗ್ಗೆ ಆರೂ ನಲವತ್ತಕ್ಕೆ ಕರೆತಂದರು.
ಸಮಯ ಬರೆದೆ. ಹೆಸರು ಬರೆದೆ:
ಫಹಮೀದಾ, ವಯಸ್ಸು ನಲವತ್ತೊಂದು,
ಕಸುಬು ರೇಷ್ಮೆ ನೂಲು ಬಿಚ್ಚುವುದು, ವಾಸ ಶಿಡ್ಲಘಟ್ಟ.
ಕಾರಣ ಎಂಬ ಕಾಲಮ್ಮಿಗೆ ಬಂದು
ಪೆನ್ನು ನಿಂತಿತು.

ಮೇಜಿನ ಮೇಲೆ ಅವಳ ಫೋನು, ಗಾಜು ಸೀಳಿದ್ದು.
ಮೊದಲೇ ಸೀಳಿತ್ತು, ಅದನ್ನೂ ಬರೀರಿ ಅಂದಳು.
ಬರೆದೆ.

ಗೂಡಿನ ಮಾರ್ಕೆಟ್ಟಿನ ಗೇಟಿನಲ್ಲಿ
ಮುನಿನಾರಾಯಣನ ಲಗೇಜ್ ಆಟೋ ತಡೆದು
ನಮ್ಮವರು ಕೇಳಿದ್ದು ಇನ್ನೂರು.
ಹುಡುಗ ಕೊಟ್ಟದ್ದು ನೂರು.
ಮಿಕ್ಕ ನೂರನ್ನು ಲಾಠಿ ವಸೂಲಿ ಮಾಡಿತು.
'ಕೊಟ್ಟೊದ್ದು ಸಾರ್' ಎಂದು ತೆಲುಗಿನಲ್ಲಿ ಕೂಗಿದನಂತೆ,
ಚೀಲ ಹರಿದು ಗೂಡೆಲ್ಲ ಚರಂಡಿಗೆ ಉರುಳಿದವಂತೆ.
ಅಂತೆ ಯಾಕೆ, ನಾನೂ ಅಲ್ಲೇ ಇದ್ದೆ
ಟೀ ಲೋಟ ಹಿಡಿದು.
ಮುಖ ತಿರುಗಿಸಿದೆ.

'ತೆಗಿ ಅದನ್ನ' ಅಂದರು ಸಾಹೇಬರು.
ಹೆಬ್ಬೆರಳು ಒತ್ತಿದಳು. ತೆರೆಯಲಿಲ್ಲ.
ತೋರುಬೆರಳು. ಇಲ್ಲ. ಎಡಗೈ. ಇಲ್ಲ.
'ನಾಟಕ ಆಡ್ತೀಯಾ?'
'ರೇಷನ್ ಅಂಗಡೀಲೂ ಹಿಂಗೇ ಸಾರ್.
ಇಪ್ಪತ್ತೆರಡು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಬೆರಳು.
ಗೆರೆಯೆಲ್ಲ ಯಾರ್ಯಾರದೋ ಸೀರೆಗೆ ಹೋದವು.'

ಶಾಯಿಯ ಪ್ಯಾಡು ತಂದು ಹತ್ತನ್ನೂ ಒತ್ತಿಸಿದೆ.
ಹಾಳೆಯಲ್ಲಿ ಹತ್ತು ಕಪ್ಪು ಬೊಟ್ಟು,
ಒಂದರಲ್ಲೂ ಒಂದು ಸುಳಿಯಿಲ್ಲ,
ಚಿಟ್ಟೆ ಕೊರೆದು ಹಾರಿಹೋದ ಗೂಡಿನ ತೂತಿನ ಹಾಗೆ.

'ನಂಬರ್ ಇರುತ್ತಲ್ಲ, ಹೇಳು.'
'ಇದೆ ಸಾರ್. ಹೇಳಲ್ಲ.'
ಎಷ್ಟು ಮೆಲ್ಲಗೆ ಅಂದಳೆಂದರೆ
ಫ್ಯಾನಿನ ಸದ್ದೇ ಅವಳಿಗಿಂತ ಜೋರಿತ್ತು.

ಸಾಹೇಬರು ನನ್ನತ್ತ ತಿರುಗಿದರು: 'ಯಾವ ಸೆಕ್ಷನ್ ಹಾಕೋಣ?'
ಇನ್ನೂ ಅಂಟಿನ ವಾಸನೆಯ ಹೊಸ ಕಾನೂನು,
ಬೈಂಡು ಕಿತ್ತ ಹಳೆಯದು, ಎರಡನ್ನೂ ಹರವಿದೆ.
ಕದ್ದರೆ ಇದೆ, ಬೈದರೆ ಇದೆ, ಕರ್ತವ್ಯಕ್ಕೆ ಅಡ್ಡ ಬಂದರೆ ಇದೆ.
ಅಡ್ಡ ಬಂದಿದ್ದಳೇ? ಇಪ್ಪತ್ತು ಅಡಿ ದೂರ,
ಫಿಲೇಚರಿನ ಹೊಸಿಲೊಳಗೆ, ಒದ್ದೆ ಕೈಯಲ್ಲಿ.
ಬೀದಿಯಲ್ಲಿ ಡ್ಯೂಟಿಯ ಮೇಲಿರುವ ಟೋಪಿಯನ್ನು
ನೋಡುವುದಕ್ಕೆ ಸೆಕ್ಷನ್ ಇಲ್ಲ.
ನೋಡಿದ್ದನ್ನು ಇಟ್ಟುಕೊಳ್ಳುವುದಕ್ಕೂ ಸಿಗಲಿಲ್ಲ.
'ಹುಡುಕ್ರೀ' ಎಂದು ಅವರು ತಿಂಡಿಗೆ ಹೋದರು.

ಶಾಯಿಯ ಬೆರಳುಗಳನ್ನು ಸೆರಗಿಗೆ ತಾಗಿಸದೆ
ಗಾಳಿಗೆ ಹಿಡಿದು ಕೂತಿದ್ದಳು ಬೆಂಚಿನ ತುದಿಯಲ್ಲಿ.
'ನೀವು ಮಾಡೋದೂ ಅದೇ ಅಲ್ವಾ ರೈಟರ್ ಸಾಬ್,
ಟೈಮು, ಜಾಗ, ಯಾರು, ಏನಾಯ್ತು.
ನನಗೆ ಬರೆಯೋಕೆ ಬರಲ್ಲ.'

ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ.
ಕಾಲು ಜಾರಿ ಬಿದ್ದ ಎಂದು ಬರೆದಿದ್ದೇನೆ,
ತಾನಾಗಿ ಬಂದ ಎಂದು,
ದೂರೇನೂ ಇಲ್ಲವೆಂದು ಹೋದ ಎಂದು.
ನನ್ನ ಅಕ್ಷರ ದುಂಡಗಿದೆ. ಕೋರ್ಟಿನಲ್ಲಿ ಹೊಗಳುತ್ತಾರೆ.

ಆ ಕಾಲಂ ಹಾಗೇ ಬಿಟ್ಟೆ.
ಫೋನು ಕೊಟ್ಟೆ. ಮುಟ್ಟಿತೆಂಬುದಕ್ಕೆ
ಗೆರೆಯಿಲ್ಲದ ಹೆಬ್ಬೆಟ್ಟು ತೆಗೆದುಕೊಂಡೆ.
ಎಂಟೂ ಐದಕ್ಕೆ ಹೊರಟಳು ಎಂದು ಬರೆದೆ.

ಬಾಗಿಲಲ್ಲಿ ನಿಂತು ಅವಳು ನಾಲ್ಕು ಅಂಕಿ ಒತ್ತುವಾಗ
ಮುಖ ತಿರುಗಿಸಿದೆ,
ಅವತ್ತಿಗೆ ಎರಡನೇ ಸಲ.