ಸೊನ್ನೆಯಿಲ್ಲದ ಕೀಲಿಮಣೆ

ನಾರಿನ್ ಊರು. ನದಿಯ ಅಂಚು ಆಗಲೇ ಗಾಜಾಗಿದೆ.
ಶಾಲೆಗೆ ಬಂದದ್ದು ಹದಿನಾಲ್ಕು ಲ್ಯಾಪ್‌ಟಾಪು,
ಕಣ್ಣು ಬಿಡುವುದು ಒಂಬತ್ತು.
ಒಂಬತ್ತರಲ್ಲೊಂದಕ್ಕೆ ಸೊನ್ನೆಯ ಗುಂಡಿಯೇ ಇಲ್ಲ:
ಯಾವ ಊರಿನ ಯಾವ ಮಗು ಕಿತ್ತಿತೋ,
ಹಲ್ಲುದುರಿದ ಸಂದಿಯಂತೆ ಒಂದು ತೂತು.
ತಡವಾಗಿ ಬಂದ ಬೆಗಿಮಾಯ್‌ಗೆ ಸಿಕ್ಕಿದ್ದು ಅದೇ.

ನಾನು ಕಲಿಸತೊಡಗಿದಾಗ ದೇಶಕ್ಕೆ ಮೂರು ವರ್ಷ,
ಸೀಮೆಸುಣ್ಣವನ್ನು ಎಣಿಸಿ ಕೊಡುತ್ತಿದ್ದರು.
ಲೋಲಕವನ್ನು ಕೈಯಲ್ಲೇ ತೂಗಿ ತೋರಿಸುತ್ತಿದ್ದೆ:
ಭುಜವೇ ಮೊಳೆ, ಮುಷ್ಟಿಯೇ ಗುಂಡು.
ಗಂಟೆ ಹೊಡೆಯುವಷ್ಟರಲ್ಲಿ ನನ್ನ ಕೀಲುಗಳಿಗೆ ಗೊತ್ತಾಗುತ್ತಿತ್ತು
ಆಂದೋಲನ ಅಂದರೇನು ಅಂತ.
ಮಕ್ಕಳಿಗೆ ಗೊತ್ತಾಯಿತೋ, ಹೇಳಲಾರೆ.

ಬಿಷ್ಕೆಕ್‌ನಿಂದ ತರಬೇತಿಗೆ ಬಂದ ಹುಡುಗ ಹೇಳಿದ:
"ಇದೊಂದಿದ್ದರೆ ಪ್ರಯೋಗಶಾಲೆಯೇ ಬೇಡ, ಎಜೆ."
ತಲೆಯಾಡಿಸಿದೆ.
ನಮ್ಮಲ್ಲಿ ಇದ್ದದ್ದು ಬರೀ ಒಂದು ಕಪಾಟು.

ಈಗ ಪರದೆಯ ಮೇಲೆ ನೀಲಿ ದಾರ, ಕೆಂಪು ಗುಂಡು,
ಪಕ್ಕಕ್ಕೆ ನಾಲ್ಕು ಪುಟ್ಟ ಚೌಕ: ಉದ್ದ, ತೂಕ, ಗುರುತ್ವ, ಘರ್ಷಣೆ.
ಅಂಕಿ ಒತ್ತಿದರೆ ಲೋಕ ಬದಲು.
ಸೈಮಿಕ್ ಗುರುತ್ವಕ್ಕೆ ಸೊನ್ನೆ ಸುತ್ತಿದ;
ಗುಂಡು ಎತ್ತಿದಲ್ಲೇ ನಿಂತಿತು,
ಮಾತಿನ ನಡುವೆ ಹೆಸರು ಮರೆತವನ ಹಾಗೆ.
ಅವನು ಚಂದ್ರನಿಗೆ ಹೋದ, ಗುರುಗ್ರಹಕ್ಕೆ ಹೋದ,
ಹನ್ನೊಂದರ ಹೊತ್ತಿಗೆ ಹಸಿವಾಗಿ ವಾಪಸು ಬಂದ.

"ಘರ್ಷಣೆಗೆ ಸೊನ್ನೆ ಹಾಕಿ" ಎಂದೆ. ಪುಸ್ತಕ ಹೇಳುವುದೇ ಹಾಗೆ.
ಎಂಟು ಗುಂಡು ತೂಗತೊಡಗಿದವು,
ದಣಿವಿಲ್ಲ, ಸದ್ದಿಲ್ಲ,
ಯಾರಿಗೂ ಏನೂ ಕೊಡಬೇಕಿಲ್ಲದವರ ಹಾಗೆ.
"ಎಜೆ, ನನಗೆ ಸೊನ್ನೆಯಿಲ್ಲ."
ಅವಳಿಗೆ ಒತ್ತಲಾಗುವ ಅತಿ ಕಿರಿದು ಬಿಂದು ಒಂದು.
ಅವಳ ಗುಂಡು ನಾಲ್ಕನೆಯ ತೂಗಿಗೇ ಅರ್ಧಕ್ಕಿಳಿದು
ಹದಿನೈದಕ್ಕೆ ಬಹುಮಟ್ಟಿಗೆ ಮಲಗಿಬಿಟ್ಟಿತು.

ಪಕ್ಕದವರು ನಕ್ಕರು. ಅವಳು ಎದ್ದುಹೋಗಿ
ಕಪಾಟಿನಿಂದ ಸೋವಿಯತ್ ಕಾಲದ ಹಿತ್ತಾಳೆ ಬಟ್ಟು ತಂದಳು.
ಚೀಲದಲ್ಲಿ ಅಣ್ಣನ ಗಾಳದ ದಾರವಿತ್ತು, ಯಾಕೆಂದು ಕೇಳಲಿಲ್ಲ.
ಬಾಗಿಲ ಚೌಕಟ್ಟಿನ ಮೊಳೆಗೆ ಕಟ್ಟಿದಳು, ಸರಿಯಾಗಿ ಒಂದು ಮೀಟರು,
ಗೋಡೆಗೊರಗಿ ಎಣಿಸಿದಳು, ತುಟಿ ಅಲುಗದೆ.
ಅರ್ಧಕ್ಕಿಳಿದದ್ದು ಅರವತ್ತೊಂಬತ್ತಕ್ಕೆ.

ಬಿಂದು ಒಂದಲ್ಲ. ಸೊನ್ನೆಯೂ ಅಲ್ಲ.
ಬಾಗಿಲಲ್ಲಿ ತೂಗುತ್ತಿದ್ದುದು ಅವೆರಡರ ಸಂದಿಯಲ್ಲೆಲ್ಲೋ ಇತ್ತು,
ಅಲ್ಲಿಗೆ ಹೋಗಲಿಕ್ಕೂ ಸೊನ್ನೆಯೇ ಬೇಕು.

ಆಮೇಲೆ ಮಾಡಿದ್ದು ನಾನು ಕಲಿಸಿದ್ದಲ್ಲ.
ಉದ್ದದ ಚೌಕದಲ್ಲಿ ನೂರು ಎಂದಿತ್ತಲ್ಲ,
ಅದರ ಬಾಲದ ಸೊನ್ನೆಯೊಂದನ್ನು ನಕಲು ಮಾಡಿ ತಂದು
ಬಿಂದುವಿನ ಮಗ್ಗುಲಿಗೆ ಅಂಟಿಸಿದಳು,
ನೆರೆಮನೆಯಿಂದ ಕೆಂಡ ತಂದು ಒಲೆ ಹಚ್ಚುವವರ ಹಾಗೆ.
ಇನ್ನೊಂದು ಸೊನ್ನೆ ಅಂಟಿಸಿದಳು. ಐದು ಒತ್ತಿದಳು.

ಸೈಮಿಕ್ ಬಟ್ಟು ಹಿಡಿದು ನಿಂತ. "ಬಿಡು!"
ಪರದೆಯದೂ ಬಾಗಿಲದೂ ಒಟ್ಟಿಗೆ ಹೊರಟವು.
ತರಗತಿಯೆಲ್ಲ ಎಣಿಸಿತು; ಇಪ್ಪತ್ತು, ನಲವತ್ತು,
ಯಾರದೋ ಲೆಕ್ಕ ತಪ್ಪಿತು, ಯಾರೋ ಗದರಿ ತಿದ್ದಿದರು,
ಎರಡೂ ಜೊತೆಜೊತೆಯಾಗಿ ಬಡವಾದವು.

ಸಂಜೆ ಯಂತ್ರಗಳನ್ನು ಆರಿಸಲು ಬಂದೆ.
ಕತ್ತಲ ಕೋಣೆಯಲ್ಲಿ ಎಂಟು ಗುಂಡು ಇನ್ನೂ ತೂಗುತ್ತಿದ್ದವು,
ನೋಡುವವರಿದ್ದಾರೋ ಇಲ್ಲವೋ ಕೇಳದೆ.
ಒಂದೊಂದನ್ನೇ ಮುಚ್ಚಿದೆ.
ಬೆಗಿಮಾಯ್ ಪುಸ್ತಕದಲ್ಲಿ ಬರೆದಿದ್ದಳು:
"ನಮ್ಮ ಕೋಣೆಯ ಗಾಳಿ = .005"
ಕೆಂಪು ಶಾಯಿಯಲ್ಲಿ "ಏಕಮಾನ ಎಲ್ಲಿ?" ಎಂದು ಗೀಚಿ
ಅರ್ಧ ಅಂಕ ಕಳೆದೆ. ಅದು ನನ್ನ ಕೆಲಸ.

ಹೊರಡುವಾಗ ಬಾಗಿಲ ಬುಡದ ಬಿರುಕಿನಿಂದ
ಚಳಿ ಪಾದ ಕಚ್ಚಿತು.
ಎಂದಿನಂತೆ ಹಳೆ ಕಂಬಳಿ ಚೂರು ತುರುಕಲು ಬಗ್ಗಿದವಳು
ಹಾಗೇ ತಡೆದೆ:
ಇದನ್ನು ಮುಚ್ಚಿದರೆ
ಆ ಹುಡುಗಿಯ ಉತ್ತರ ತಪ್ಪಾಗುತ್ತದೆ.