ಹಳದಿ ತಂತಿ

ಮೊದಲು ಬಿಚ್ಚುವುದು.
ಸ್ಕ್ರೂಡ್ರೈವರಿನ ತುದಿಗೆ ಹಳೇ ಬನಿಯನ್ ಸುತ್ತಿ
ಡ್ಯಾಶ್‌ಬೋರ್ಡಿನ ಅಂಚನ್ನು ಮೆಲ್ಲಗೆ ಮೀಟಬೇಕು,
ಹಲಸಿನ ತೊಳೆ ಬಿಡಿಸುವ ಹಾಗೆ.
ಲಾಕು ಟಕ್ಕೆಂದರೆ ಬದುಕಿತು, ಚಟ್ಟೆಂದರೆ
ನನ್ನ ಕೈಯಿಂದ ನೂರಿಪ್ಪತ್ತು ರೂಪಾಯಿ.

ಮಂಡ್ಯ, ಗುತ್ತಲು ರಸ್ತೆ, ಮಧ್ಯಾಹ್ನ ಮೂರು.
ಮರಿಲಿಂಗಣ್ಣನ ಓಮ್ನಿ ಬಂದು ನಿಂತರೆ
ಹಾಲಿನ ಹುಳಿ ವಾಸನೆ ಮೊದಲು ಇಳಿಯುತ್ತದೆ, ಆಮೇಲೆ ಅವನು.
"ಮುಜೀಬಣ್ಣ, ಬೆಳಗಿನ ಜಾವ ಕ್ಯಾನು ತುಂಬ್ಕಂಡು ಹೋಯ್ತಾ ಇದ್ರೆ
ಕಣ್ಣು ಎಳೀತವೆ ಕಣಣ್ಣ.
ಏನಾದ್ರೂ ಮಾತಾಡೋದ ಕೂರ್ಸು, ಪಕ್ಕದಲ್ಲಿ."

ಹಳೆಯ ಟೇಪು ಕಿತ್ತ ಗೂಡಿಗೆ ಕೈ ಹಾಕಿದೆ:
ಎಂಟಾಣೆ ಒಂದು, ತುಕ್ಕು ಹಿಡಿದ ಹೇರ್‌ಪಿನ್ನು,
ಕಡಲೆಕಾಯಿ ಸಿಪ್ಪೆ, ಯಾರದೋ ಆಲೆಮನೆಯ ತೂಕದ ಚೀಟಿ,
ಜೇಡ.
ಜೇಡವನ್ನು ಊದಿ ಕಳಿಸಿದೆ.
ಉಳಿದದ್ದನ್ನು ಅವನು ಎಣಿಸಿ ಜೇಬಿಗಿಟ್ಟ, ಸಿಪ್ಪೆ ಬಿಟ್ಟು.

ಆಮೇಲೆ ತಂತಿ.
ಉಸ್ತಾದರು ತಲೆಗೆ ಮೊಟಕಿ ಕಲಿಸಿದ್ದು:
ಕಪ್ಪು ನೆಲ.
ಕೆಂಪು ಎಚ್ಚರ, ಕೀಲಿ ತಿರುಗಿದರೆ ಏಳುತ್ತೆ, ತಿರುಗಿದರೆ ಮಲಗುತ್ತೆ.
ಹಳದಿ ಮಾತ್ರ ಮಲಗುವ ಹಾಗಿಲ್ಲ.
ಗಾಡಿ ಕೊಟ್ಟಿಗೆಯ ಪಕ್ಕ ನಿಂತು, ಕೀಲಿ ಗೂಟಕ್ಕೆ ನೇತು ಬಿದ್ದು,
ಮನೆಯವರೆಲ್ಲ ಮಲಗಿದ ಮೇಲೂ
ಬ್ಯಾಟರಿಯಿಂದ ಗುಟುಕು ಗುಟುಕು ಕುಡಿಯುತ್ತ
ಗಂಟೆಯನ್ನೂ ಸ್ಟೇಷನ್ನನ್ನೂ ಹಿಡಿದು ಕೂತಿರಬೇಕು.
ಕೆಂಪು ಹಳದಿ ಅದಲುಬದಲಾದರೂ
ರೇಡಿಯೋ ಹಾಡುತ್ತೆ, ಏನೂ ತೊಂದರೆಯಿಲ್ಲ,
ಬೆಳಿಗ್ಗೆ ಎಬ್ಬಿಸಿದರೆ ಮಾತ್ರ ನೀನು ಯಾರು ಅನ್ನುತ್ತೆ.

ಸ್ಪೀಕರಿನದು ಬೇರೆ ಕಥೆ. ಗೆರೆಯಿರುವುದು ಮೈನಸ್ಸು.
ಒಂದು ಕಡೆ ತಿರುಗುಮುರುಗಾದರೆ
ಎಡದ್ದು ಉಸಿರೆಳೆವಾಗ ಬಲದ್ದು ಬಿಡುತ್ತೆ,
ಎರಡೂ ಕೂಗುತ್ತವೆ, ತಮಟೆ ಮಾತ್ರ ಕೇಳಿಸುವುದಿಲ್ಲ.
ನಾನೂ ನಸೀಮಾಳೂ ಒಂದು ವರ್ಷ ಹಾಗೆ ಇದ್ದೆವು.
ಇರಲಿ. ಟೇಪು ಸುತ್ತಿದೆ.

ಸೆಟ್ಟು ಹೊಸದಲ್ಲ. ಅವನ ದುಡ್ಡಿಗೆ ಹೊಸದು ಯಾರು ಕೊಡುತ್ತಾರೆ?
ಒತ್ತಿದರೆ ನೀಲಿ ಬೆಳಕು, ಆಮೇಲೊಂದು ಪಟ್ಟಿ,
ಹಿಂದೆ ಇದಕ್ಕೆ ಫೋನು ಜೋಡಿಸಿದವರದು:
ಕುಮುದಾ ಮಿಸ್. ರೆಡ್ಮಿ. ಅಪ್ಪಾಜಿ ಹೊಸ ಫೋನ್.
ಪಾಂಡವಪುರದ ಹುಲಿ. ಇನ್ನೊಂದು ಬರೀ ಚುಕ್ಕಿ.
ಜಾಗ ಭರ್ತಿ, ಒಬ್ಬರನ್ನು ತೆಗೆ ಅಂದಿತು.
"ಯಾರನ್ನ ತೆಗೀಲಣ್ಣ?"
ಕನ್ನಡಕ ತಂದಿರಲಿಲ್ಲ, ನನ್ನಿಂದ ಎರಡು ಸಲ ಓದಿಸಿದ.
"ಕೂತಿರೋರ್ನ ಯಾಕೆ ಎಬ್ಬುಸ್ತೀಯ?
ನಂದು ಬಟನ್ ಫೋನು. ಬುಡು."

ಏರಿಯಲ್ಲು ನೆಟ್ಟಗೆ ಮಾಡಿ ಗುಂಡಿ ಒತ್ತಿ ಹಿಡಿದೆ.
ಅಂಕಿಗಳು ಓಡಿದವು, ಗೊರಗೊರ, ಗೊರಗೊರ,
ನೂರು ಪಾಯಿಂಟ್ ಆರರಲ್ಲಿ ನಿಂತವು. ಮೈಸೂರು ಆಕಾಶವಾಣಿ.
ಒಬ್ಬಾಕೆ ಮೆಣಸಿನ ಗಿಡದ ಎಲೆಮುರುಟಿಗೆ ಮದ್ದು ಹೇಳುತ್ತಿದ್ದಳು.
ಮರಿಲಿಂಗಣ್ಣ ಮೆಣಸಿನಕಾಯಿ ಬೆಳೆಯುವುದಿಲ್ಲ.
ಮುಗಿಯುವವರೆಗೂ ಕೇಳಿದ.
ಒಂದನೇ ಗುಂಡಿಗೆ ಆಕೆಯನ್ನು ಕಟ್ಟಿಕೊಟ್ಟೆ.
ಐವತ್ತು ರೂಪಾಯಿ ಕಮ್ಮಿ ಕೊಟ್ಟ, ಒಂದು ಲೀಟರ್ ಹಾಲು ಬಿಟ್ಟುಹೋದ.

ಒಂದೂವರೆ ತಿಂಗಳಿಗೆ
ಓಮ್ನಿಯನ್ನು ಮೂರು ಹುಡುಗರು ತಳ್ಳಿಕೊಂಡು ಬಂದರು.
ಇಪ್ಪತ್ತೆಂಟು ದಿನ ನಿಂತಿತ್ತಂತೆ. ಯಾಕೆಂದು ಅವನು ಹೇಳಲಿಲ್ಲ,
ನಡೆಯುವಾಗ ಎಡಗಾಲು ಹೇಳಿತು.
ಹಳದಿ ತಂತಿ ತನ್ನ ಕೆಲಸ ತಾನು ಮಾಡಿತ್ತು,
ನೆನಪಿಟ್ಟುಕೊಂಡು, ನೆನಪಿಟ್ಟುಕೊಂಡು
ಬ್ಯಾಟರಿ ಬರಿದು ಮಾಡಿತ್ತು.

ಚಾರ್ಜು ಹಾಕಿ ಕೀಲಿ ತಿರುಗಿಸಿದರೆ
ಗಡಿಯಾರದಲ್ಲಿ ಹನ್ನೆರಡು, ಮಿಣಮಿಣ.
ಪಟ್ಟಿ ತೆರೆದೆ. ಖಾಲಿ.
"ಕುಮುದಾ ಮಿಸ್ಸು?"
ಇಲ್ಲ.
"ಹುಲಿನೂ ಹೋಯ್ತಾ?"
ಹುಲಿನೂ ಹೋಯ್ತಣ್ಣ.

ಸ್ಟೇರಿಂಗಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತ.
ಆಮೇಲೆ ತಾನೇ ಬೆರಳು ಚಾಚಿ ಗುಂಡಿ ಒತ್ತಿ ಹಿಡಿದ,
ಎಂಬತ್ತೇಳೂವರೆಯಿಂದ,
ಗೊರಗೊರ, ಗೊರಗೊರ.