ಸರ್ವರ್

ಟೋಕನ್ ಕೂಗುವವನು ನಾನು.
ಪುಣೆ, ಪೊಲೀಸ್ ಕಮಿಷನರ್ ಕಚೇರಿ, ವಿದೇಶಿಯರ ನೋಂದಣಿ,
ತಲೆಯ ಮೇಲೆ ಮೂರು ರೆಕ್ಕೆಯ ಫ್ಯಾನು, ಒಂದು ರೆಕ್ಕೆ ಸೊಟ್ಟ.
ಎದೆಯ ಪಟ್ಟಿಯಲ್ಲಿ ಹಲಸಂಗಿ ಅಂತಿದೆ.
ಇಲ್ಲಿಯ ನಾಲಿಗೆ ಅದನ್ನು ಹಳಸಂಗಿ ಮಾಡಿ ಇಪ್ಪತ್ತೇಳು ವರ್ಷ.
ಹಳಸಿದ್ದೂ ನಿಜವೇ. ತಿದ್ದಲು ಹೋಗಿಲ್ಲ.

ಆ ಹುಡುಗಿ ಬಂದದ್ದು ಮೂರು ಮಂಗಳವಾರ.
ಕೆಲಸವಿದ್ದದ್ದು ಮೊದಲನೆಯ ದಿನ ಮಾತ್ರ:
ಸೆನಾಯಿತ್ ಗೆಬ್ರು, ಊರು ಮೆಕೆಲೆ, ದೇಶ ಇಥಿಯೋಪಿಯಾ,
ಓದು ಕಂಪ್ಯೂಟರಿನಲ್ಲಿ ಸಿಮ್ಯುಲೇಷನ್, ಎರಡನೆಯ ವರ್ಷ.
ಪಾಸ್‌ಪೋರ್ಟಿನಲ್ಲಿ ಹುಟ್ಟಿದ್ದು ಸೆಪ್ಟೆಂಬರ್ ಎಂಟು,
ಶಾಲೆಯ ಕಾಗದದಲ್ಲಿ ಹದಿಮೂರನೆಯ ತಿಂಗಳ ಮೂರು.
ಹದಿಮೂರಾ? ಪಕ್ಕದ ಮೇಜಿನ ಗಾಯಧನಿ ನಕ್ಕ.
ನನಗೆ ನಗು ಬರಲಿಲ್ಲ.
ಅಧಿಕಮಾಸದಲ್ಲಿ ಹುಟ್ಟಿದ ನನ್ನ ಸೋದರತ್ತೆಗೆ
ಹುಟ್ಟುಹಬ್ಬ ಹುಡುಕಿಕೊಡಲು ಯಾವ ಭಟ್ಟರಿಗೂ ಆಗಿರಲಿಲ್ಲ.
ಠಸ್ಸೆ ಒತ್ತಿದೆ.

ಮಿಕ್ಕೆರಡು ದಿನ ಮೂಲೆಯ ಬೆಂಚಿನಲ್ಲಿ ಕೂತು
ನೋಟ್‌ಬುಕ್ಕಿನಲ್ಲಿ ಗೀಟು ಎಳೆದಳು,
ನಾಲ್ಕು ನಿಂತದ್ದು, ಐದನೆಯದು ಅಡ್ಡ,
ಜತ್ತದ ನಮ್ಮ ಗೋಡೆಯ ಮೇಲೆ ಹಾಲಿನ ಲೆಕ್ಕ ಇದ್ದ ಹಾಗೆ.
ಯಾರನ್ನಮ್ಮ ಎಣಿಸೋದು? ಕೇಳಿದೆ, ಪೊಲೀಸು ದನಿಯಲ್ಲೇ.
ಹೆದರಲಿಲ್ಲ ಅವಳು. ಲ್ಯಾಪ್‌ಟಾಪ್ ತೆರೆದಳು.

ಪರದೆಯ ತುಂಬ ಚುಕ್ಕಿ. ಬಾಗಿಲಿನಿಂದ ಒಳಗೆ,
ತಡೆದು, ತಡೆದು, ಒಂದರ ಹಿಂದೊಂದು.
ಇದು ನಿಮ್ಮ ಕಚೇರಿ, ಎಂದಳು ಹರಕು ಹಿಂದಿಯಲ್ಲಿ.
ರಾತ್ರಿಯೆಲ್ಲ ಓಡಿಸುತ್ತೇನೆ, ಸಾವಿರ ಮಂಗಳವಾರ.
ಪ್ರತಿ ದಿನಕ್ಕೂ ಒಂದು ಅಂಕಿಯ ಬೀಜ ಹಾಕಬೇಕು,
ಅದೇ ಬೀಜ ಹಾಕಿದರೆ ಅದೇ ದಿನ ಮತ್ತೆ, ಕೂದಲೆಳೆ ಬದಲಿಲ್ಲ.
ನಮ್ಮ ಜೋಳಕ್ಕೆ ಈ ಬುದ್ಧಿ ಎಂದೂ ಬರಲಿಲ್ಲ, ಅಂದುಕೊಂಡೆ.
ಮೊದಲ ಒಂದು ಗಂಟೆ ಲೆಕ್ಕಕ್ಕೆ ಹಿಡಿಯುವುದಿಲ್ಲ,
ಒಲೆ ಕಾಯುವ ತನಕದ ರೊಟ್ಟಿ ಇದ್ದಂತೆ, ಎಸೆಯುವುದು.
ಪುಣೆಯ ನನ್ನ ಮೊದಲ ಆರು ತಿಂಗಳನ್ನೂ
ಹಾಗೇ ಎಸೆದಿದ್ದೇನೆ, ಎಂದು ನಕ್ಕಳು.
ನಾನು ನನ್ನವನ್ನು ಎಣಿಸತೊಡಗಿದೆ, ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ.

ಈ ಚೌಕ ಯಾರು?
ನೀವು. ಸರ್ವರ್.

ಸರ್ವರ್ ಆಗಿದ್ದವನು ನನ್ನಪ್ಪ.
ಬಾಜೀರಾವ್ ರಸ್ತೆಯ ಹೋಟೆಲಿನಲ್ಲಿ, ಹೆಗಲ ಮೇಲೆ ಒದ್ದೆ ಚೌಕ,
ಒಂದೇ ಕೈಯಲ್ಲಿ ಆರು ಗ್ಲಾಸು, ಪ್ರತಿ ಗ್ಲಾಸಿನೊಳಗೂ ಒಂದು ಬೆರಳು.
(ಆರನೆಯ ಬೆರಳು ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ.)
ಸರ್ವರ್ ಡೌನ್ ಎಂದು ನಾನೇ ದಿನಕ್ಕೆ ಹತ್ತು ಸಲ ಕೂಗುತ್ತೇನೆ,
ಜನ ಗೋಡೆಗೆ ಒರಗಿ ನಿಟ್ಟುಸಿರು ಬಿಡುತ್ತಾರೆ.
ಈಗ ಮೂರನೆಯವನು ನಾನು: ನೀಲಿ ಗೆರೆಯ ಚೌಕ,
ತಲೆಗೆ ಸರಾಸರಿ ಹನ್ನೊಂದು ನಿಮಿಷ.
ಚಹಾಕ್ಕೆ ಹೋಗುವುದನ್ನು ಸೇರಿಸಿದ್ದೀಯಾ?
ಸೇರಿಸಿದ್ದೇನೆ, ಎಂದಳು. ಎರಡು ಸಲ.

ಆಮೇಲೆ ಕಂಡೆ, ಕೆಲವು ಚುಕ್ಕಿ
ಚೌಕದ ತನಕ ಬರುವುದೇ ಇಲ್ಲ.
ನಡುದಾರಿಯಲ್ಲಿ ಬೂದಿ ಬಣ್ಣಕ್ಕೆ ತಿರುಗಿ
ಬಂದ ಬಾಗಿಲಿನಲ್ಲೇ ಹೊರಟುಹೋಗುತ್ತವೆ.
ಇವರು?
ಕಾದು ಸಾಕಾದವರು. ನೂರಕ್ಕೆ ಒಂಬತ್ತು.

ಸುಳ್ಳು, ಎಂದೆ. ಅಂಥವರನ್ನು ನಾನು ನೋಡೇ ಇಲ್ಲ.
ಹೌದು, ಎಂದಳು, ನಿಮ್ಮ ಕಿಟಕಿಯಿಂದ ಕಾಣುವುದಿಲ್ಲ.

ನಾಲ್ಕನೆಯ ಮಂಗಳವಾರ ಅವಳು ಬರಲಿಲ್ಲ, ಲೆಕ್ಕ ಮುಗಿದಿರಬೇಕು.
ಮೂರೂವರೆಗೆ ಸರ್ವರ್ ಎದ್ದಿತು. ನಲವತ್ತು ಮುಗಿಯಿತು.
ಏಕೇಚಾಳೀಸ್, ಎಂದು ಕೂಗಿದೆ.
ಫಾರ್ಟಿ ಒನ್.
ಗಾಯಧನಿ ನಲವತ್ತೆರಡರ ಕಡತಕ್ಕೆ ಕೈ ಹಾಕಿದ್ದ.
ತಡಿಯೋ, ಎಂದು ಎದ್ದು ನಿಂತು, ಕಿಟಕಿಯಿಂದ ತಲೆ ಹೊರಹಾಕಿ,
ಬಾಗಿಲ ಕಡೆಗೆ, ನನ್ನ ಭಾಷೆಯಲ್ಲಿ:
ನಲವತ್ತೊಂದು.